ಕ್ಯಾರಿಯರ್ ಹಾಕಿದ ಸ್ಪೋರ್ಟ್ಸ್ ಕಾರು

ನಮ್ಮ ಮನೆಯ ಸಂಡಿಗೆ ಒಣಗುವುದು ಒಂದು ಸ್ಪೋರ್ಟ್ಸ್ ಕಾರಿನ ಮೇಲೆ. ಜಂಬಕ್ಕೆ ಹೇಳುತ್ತಿಲ್ಲ, ಬೇರೆ ಜಾಗವಿಲ್ಲವೆಂದು ಹೇಳುತ್ತಿದ್ದೇನೆ. ತಾರಸಿ ಹತ್ತಲು ನನಗೀಗ ಆಗುವುದಿಲ್ಲ, ಅಂಗಳದಲ್ಲಿ ಹಾಸಿದರೆ ಬೀದಿನಾಯಿ ಬಿಡುವುದಿಲ್ಲ. ಕಾರಿನ ನೆತ್ತಿಯ ಮೇಲೆ ಕಬ್ಬಿಣದ ಕ್ಯಾರಿಯರ್ ಇದೆ. ಅದಕ್ಕೆ ಹಳೆಯ ಪಂಚೆ ಹಾಸಿ ಸಂಡಿಗೆ ಇಟ್ಟರೆ ಮೇಲಿನಿಂದ ಬಿಸಿಲು, ಕೆಳಗಿನಿಂದ ತಗಡಿನ ಕಾವು, ಬೇಗ ಗರಿಗರಿಯಾಗುತ್ತದೆ. ಇವತ್ತು ಬೆಳಿಗ್ಗೆ ಸಂಡಿಗೆ ತಿರುವಿ ಹಾಕೋಣವೆಂದು ಕಾರಿಗೆ ಒರಗಿ ನಿಂತೆ ನೋಡಿ, ಅರ್ಧ ಇಳಿದಿದ್ದ ಗಾಜಿನ ಸಂದಿಯಿಂದ ಒಂದು ವಾಸನೆ ಬಂತು. ಕಾದ ರೆಕ್ಸಿನ್, ಹಳೇ ಪೆಟ್ರೋಲು, ತೆಂಗಿನ ನಾರು, ಅದರ ಜೊತೆಗೆ ಒಂದಿಷ್ಟು ನಶ್ಯ. ನಶ್ಯ ಹಾಕುತ್ತಿದ್ದವರು ನಮ್ಮ ಮಾವ. ಅವರು ತೀರಿಕೊಂಡು ಬಹಳ ವರ್ಷವಾಯಿತು. ಸೀಟಿನ ಹೊಲಿಗೆಯ ಸಂದಿಯಲ್ಲಿ ಅವರ ನಶ್ಯ ಇನ್ನೂ ಕೂತಿದೆ ಎಂದರೆ ನನಗೆ ನಂಬಲಾಗಲಿಲ್ಲ. ಇನ್ನೊಂದು ಸಲ ಮೂಸಿ ನೋಡಿದೆ. ಇತ್ತು.

ಸ್ಪೋರ್ಟ್ಸ್ ಕಾರಿಗೆ ಯಾರಾದರೂ ಕ್ಯಾರಿಯರ್ ಹಾಕಿಸುತ್ತಾರೆಯೇ ಎಂದು ನೀವು ಕೇಳಬಹುದು. ಕೇಳದವರಿಲ್ಲ. ಕುಳಿತುಕೊಳ್ಳಿ, ಹೇಳುತ್ತೇನೆ. ಸಂಡಿಗೆ ಒಣಗುವವರೆಗೆ ನನಗೂ ಕೆಲಸವಿಲ್ಲ.

ನಮ್ಮ ಮನೆಯವರಿಗೆ ಚಿತ್ರದುರ್ಗದಲ್ಲಿ ಪಂಪ್‌ಸೆಟ್ಟು, ಪೈಪು ಮಾರುವ ಅಂಗಡಿ ಇತ್ತು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಲು ಹೊರಗಿನ ಎಂಜಿನಿಯರುಗಳು ಬಂದರು. ಅವರಲ್ಲೊಬ್ಬ ಮದರಾಸಿನ ಕಡೆಯವನು, ಮದುವೆಯಿಲ್ಲ ಮಕ್ಕಳಿಲ್ಲ, ಒಂದು ಕೆಂಪು ಜಪಾನಿ ಕಾರು ತಂದಿದ್ದ. ಎರಡೇ ಬಾಗಿಲು, ಉದ್ದ ಮೂತಿ, ಹೊಟ್ಟೆ ನೆಲಕ್ಕೆ ತಾಗುತ್ತದೋ ಏನೋ ಎನ್ನುವಷ್ಟು ತಗ್ಗು. ಸ್ವಿಚ್ ಒತ್ತಿದರೆ ಮೂತಿಯೊಳಗೆ ಅಡಗಿದ್ದ ದೀಪಗಳು ರೆಪ್ಪೆ ತೆರೆದ ಹಾಗೆ ಮೇಲೆದ್ದು ಬರುತ್ತಿದ್ದವು. ಗುಡ್ಡದ ಕಲ್ಲುದಾರಿ ಅದರ ಹೊಟ್ಟೆಯನ್ನು ಕೆರೆದು ಹಾಕಿತು. ಅವನಿಗೂ ಬೇರೆ ಊರಿಗೆ ವರ್ಗವಾಯಿತು. ಮಾರುತ್ತೇನೆ ಎಂದು ತಂದು ನಮ್ಮ ಅಂಗಡಿಯ ಮುಂದೆ ನಿಲ್ಲಿಸಿದ, ಇವರು ಹೊರಗೆ ಬಂದು ನೋಡಿದರು. ಆಮೇಲೆ ಆದದ್ದಕ್ಕೆ ನಾನು ಜವಾಬ್ದಾರಳಲ್ಲ. ನನ್ನನ್ನು ನೋಡಲು ಬಂದ ದಿನ ಕೂಡ ಅವರು ಅಷ್ಟು ಹೊತ್ತು ನೋಡಿರಲಿಲ್ಲ.

ಮನೆಗೆ ತಂದ ದಿನ ಬೀದಿಯೇ ನೆರೆಯಿತು. ಪೂಜೆ ಮಾಡಿ ಕುಂಬಳಕಾಯಿ ಒಡೆದರೆ, ಕಾರು ಮುಂದೆ ಹೋಗುವಾಗ ಅದರ ಹೋಳುಗಳನ್ನೆಲ್ಲ ಮೂತಿಯಿಂದಲೇ ತಳ್ಳಿಕೊಂಡು ಹೋಯಿತು. ಎದುರುಮನೆಯ ಅಜ್ಜಿ ಕಾರನ್ನು ಒಂದು ಸುತ್ತು ಹಾಕಿ, "ಇನ್ನೆರಡು ಬಾಗ್ಲು ಎಲ್ಲಿ ಹೋದ್ವವ್ವ?" ಎಂದು ನನ್ನನ್ನು ಕೇಳಿದರು. ನನಗೇನು ಗೊತ್ತು? ಹಿಂದಿನ ಸೀಟಿಗೆ ಹೋಗಬೇಕಾದರೆ ಮುಂದಿನ ಸೀಟನ್ನು ಮಡಚಿ, ಸೀರೆಯನ್ನು ಮುದ್ದೆ ಮಾಡಿ, ತಲೆಯನ್ನು ಮೊದಲು ಕಳಿಸಿ, ಉಳಿದದ್ದನ್ನು ಆಮೇಲೆ ಎಳೆದುಕೊಳ್ಳಬೇಕಾಗಿತ್ತು. ಹೊಸದುರ್ಗದ ಒಂದು ಮದುವೆಗೆ ಹೋದಾಗ ಛತ್ರದ ಬಾಗಿಲಲ್ಲಿ ನನ್ನನ್ನು ಇಳಿಸಿಕೊಳ್ಳಲು ಹೆಣ್ಣಿನ ಕಡೆಯವರು ಇಬ್ಬರು ಬೇಕಾಯಿತು. ಇನ್ನು ಆ ದೀಪಗಳು. ಬಲಗಡೆಯದು ಸ್ವಲ್ಪ ಸೋಮಾರಿ, ಎಡದ್ದು ಎದ್ದ ಮೇಲೆ ನಿಧಾನವಾಗಿ ಏಳುತ್ತಿತ್ತು. ಹುಡುಗಿಯರ ಕಾಲೇಜಿನ ಮುಂದೆ ಒಂದು ಮೋಡದ ಸಂಜೆ ಇವರು ದೀಪ ಹಾಕಿದ್ದೇ ತಡ, ಕಾರು ಕಣ್ಣು ಹೊಡೆಯಿತು. ಅಂದಿನಿಂದ ಆ ರಸ್ತೆಯನ್ನೇ ಬಿಟ್ಟರು.

ಇಷ್ಟೆಲ್ಲ ಬೈದರೂ ಒಂದು ಮಾತು ಹೇಳಿಬಿಡುತ್ತೇನೆ. ಮೊದಲನೇ ಸಲ ಹಿರಿಯೂರಿನ ಕಡೆ ಹೋದಾಗ ರಸ್ತೆ ಖಾಲಿ ಇದ್ದ ಕಡೆ ಇವರು ಒಮ್ಮೆ ಒತ್ತಿದರು. ಬೆನ್ನು ಸೀಟಿಗೆ ಅಂಟಿತು. ನಿಧಾನ ಹೋಗಿ ಎನ್ನುವುದು ಹೆಂಡತಿಯಾದವಳ ಕರ್ತವ್ಯ. ನಾನು ಅನ್ನಲಿಲ್ಲ. ನನಗೆ ಆ ಕಾರು ಬಹಳ ಇಷ್ಟವಾಗಿಬಿಟ್ಟಿತ್ತು.

ಇಷ್ಟವಾಗದೇ ಇದ್ದದ್ದು ಮಾವನವರಿಗೆ ಒಬ್ಬರಿಗೇ. ಮಾವ ತಿಪ್ಪಣ್ಣನವರು ಹೊಸದುರ್ಗದಿಂದ ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಬರುವ ಖಾಸಗಿ ಬಸ್ಸಿನಲ್ಲಿ ಮೂವತ್ತು ವರ್ಷ ಡ್ರೈವರ್ ಆಗಿದ್ದವರು. ಇವರು ಸಣ್ಣವರಿದ್ದಾಗ ರಜೆಯಲ್ಲಿ ಅಪ್ಪನ ಪಕ್ಕ ಎಂಜಿನ್ನಿನ ಮುಚ್ಚಳದ ಮೇಲೆ ಗೋಣಿಚೀಲ ಹಾಸಿಕೊಂಡು ಕೂತು ದುರ್ಗಕ್ಕೂ ಹೊಸದುರ್ಗಕ್ಕೂ ತಿರುಗಿದವರು. ಸ್ಟೀರಿಂಗ್ ಹಿಡಿಯುವುದನ್ನು ಕಲಿತದ್ದೂ ಅಲ್ಲಿಯೇ, ನೋಡಿ ನೋಡಿ. ಆದರೆ ಮಗ ಓಡಿಸುವ ಯಾವ ಗಾಡಿಯನ್ನೂ ಅಪ್ಪ ಹತ್ತಿದವರಲ್ಲ. ಸ್ಕೂಟರಿಲ್ಲ, ಅಂಗಡಿಯ ಟೆಂಪೋ ಇಲ್ಲ. "ನಾ ನಡ್ಕಂಡು ಬರ್ತೀನಿ, ನೀ ಹೋಗು" ಎನ್ನುತ್ತಿದ್ದರು. ಅಪ್ಪನನ್ನು ಒಂದೇ ಒಂದು ಸಲ ಪಕ್ಕದಲ್ಲಿ ಕೂರಿಸಿಕೊಂಡು ಹೊಳಲ್ಕೆರೆ ಬಸ್‌ಸ್ಟ್ಯಾಂಡಿಗೆ ಹೋಗಬೇಕು, ಅವರ ಹಳೆಯ ಜೊತೆಗಾರರ ಮುಂದೆ ಇಳಿಸಬೇಕು, ಹುಡುಗ ಚೆನ್ನಾಗಿ ಓಡಿಸುತ್ತಾನೆ ಎಂದು ಅವರ ಬಾಯಲ್ಲಿ ಬರಬೇಕು. ಇವರಿಗೆ ಇದ್ದದ್ದು ಇದೊಂದೇ ಆಸೆ. ನಲವತ್ತರ ಹತ್ತಿರ ಬಂದ ಗಂಡಸಿಗೆ ಇಂಥ ಆಸೆ ಇರುತ್ತದೆಂದು ಮದುವೆಗೆ ಮುಂಚೆ ನನಗೆ ಯಾರೂ ಹೇಳಿರಲಿಲ್ಲ.

ಮಾವ ಕಾರಿನ ಸುತ್ತ ಬಂದರು. ಟೈರಿಗೆ ಕಾಲಿನಿಂದ ಒದ್ದು ನೋಡಿದರು. "ಲೇ ರುದ್ರ, ಇದು ಕುಂತ್ಕಂಡು ಓಡ್ಸೋ ಗಾಡಿ ಅಲ್ಲ ಕಣೋ, ಮಲ್ಕಂಡು ಓಡ್ಸೋದು. ಹಂಪ್ ಬಂದ್ರೆ ಏನ್ ಮಾಡ್ತೀಯ, ಎತ್ಕಂಡು ದಾಟಿಸ್ತೀಯಾ?"

ಮರುದಿನವೇ ಕಾರು ಬಾಷಾ ಸಾಬರ ಗ್ಯಾರೇಜಿಗೆ ಹೋಯಿತು. ಬಾಷಾ ಸಾಬರು ಲಾರಿ, ಟ್ರ್ಯಾಕ್ಟರು ಬಿಟ್ಟರೆ ಬೇರೆಯದನ್ನು ಮುಟ್ಟಿದವರಲ್ಲ. ಅದನ್ನು ಒಪ್ಪಿಕೊಳ್ಳುವವರೂ ಅಲ್ಲ. "ಇದೇನ್ ದೊಡ್ಡ ವಿಷ್ಯ ಬಿಡ್ರಿ ಅಣ್ಣ" ಎಂದು ಹೇಳಿ, ಸ್ಪ್ರಿಂಗಿಗೆ ಪ್ಯಾಕಿಂಗ್ ಕೊಟ್ಟು, ದೊಡ್ಡ ಟೈರು ಹಾಕಿ, ಕಾರನ್ನು ಒಂದು ಗೇಣು ಎತ್ತರಿಸಿದರು. ಮಾವ ಮತ್ತೆ ಸುತ್ತು ಬಂದರು. ಹಾರನ್ ಒತ್ತಿಸಿ ಕೇಳಿದರು. "ಮೇಕೆ ಮರಿ ಕೂಗ್ದಂಗೈತೆ" ಎಂದರು. ಲಾರಿಯ ಹಾರನ್ ಬಂತು. ಕನ್ನಡಿ ಸಣ್ಣದಾಯಿತು ಎಂದರು, ಬಸ್ಸಿನ ದೊಡ್ಡ ಕನ್ನಡಿಗಳು ಎರಡು ಕಿವಿಗಳ ಹಾಗೆ ಬಂದವು. ಸೀಟು ಬಾಣಲೆ ಇದ್ದಂಗೈತೆ ಎಂದರು, ಹೊಸದುರ್ಗದಿಂದ ತೆಂಗಿನ ನಾರು ತರಿಸಿ, ಗಟ್ಟಿಯಾಗಿ ತುಂಬಿ, ಎತ್ತರದ ಸೀಟು ಹೊಲಿಸಿದ್ದಾಯಿತು. ಕಣ್ಣು ಹೊಡೆಯುವ ದೀಪವನ್ನು ಬಾಷಾ ಸಾಬರೇ ಸ್ವಂತ ಬುದ್ಧಿಯಿಂದ ಬೋಲ್ಟ್ ಹಾಕಿ ತೆರೆದ ಹಾಗೇ ನಿಲ್ಲಿಸಿದರು. ಕಡೆಗೆ ಮಾವ, "ಒಂದು ಚೀಲ ಇಡಾಕೆ ಜಾಗ ಇಲ್ದಿದ್ರೆ ಅದೂ ಒಂದು ಗಾಡಿಯೇನಲೇ?" ಎಂದರು. ಹೀಗೆ ಬಂದದ್ದು ಈ ಕ್ಯಾರಿಯರ್.

ಇದೆಲ್ಲ ಆಗುವುದಕ್ಕೆ ವರ್ಷಗಳೇ ಹಿಡಿದವು. ಗಾಳಿಯನ್ನು ಸೀಳಿಕೊಂಡು ಹೋಗಲಿ ಎಂದು ಯಾರೋ ಜಪಾನಿನಲ್ಲಿ ಕೂತು ಕೊರೆದ ಕಾರು, ನಮ್ಮ ಮಾವನ ಬಸ್ಸಿನ ಮರಿಯ ಹಾಗೆ ಆಗಿಹೋಯಿತು. ಮಾವ ಮಾತ್ರ ಹತ್ತಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ಇವರು ಇಷ್ಟು ಒದ್ದಾಡುತ್ತಿದ್ದಾರೆ, ಒಂದು ಸಲ ಕೂತರೆ ಮುದುಕನ ಗಂಟೇನು ಹೋಗುತ್ತದೆ ಎಂದು ಪಾತ್ರೆ ತಿಕ್ಕುವಾಗ ಗಟ್ಟಿಯಾಗಿಯೇ ಗೊಣಗಿದ್ದುಂಟು.

ಹಾಗಿರುವಾಗ ಒಂದು ಮಧ್ಯಾಹ್ನ ಗಿರಣಿಯಿಂದ ರಾಗಿ ಹಿಟ್ಟು ಮಾಡಿಸಿಕೊಂಡು ಬಂದೆ. ಇವರು ಅಂಗಡಿಯಲ್ಲಿದ್ದರು. ನೋಡಿದರೆ ಕಾರಿನ ಬಾಗಿಲು ತೆರೆದಿದೆ, ಮಾವ ಒಳಗೆ ಕೂತಿದ್ದಾರೆ.

"ಏನ್ ಮಾವ?"

"ಏನಿಲ್ಲವ್ವ. ಸೀಟು ಹೆಂಗೈತೆ ಅಂತ ನೋಡ್ತಿದ್ದೆ."

ನನಗೆ ಖುಷಿಯಾಯಿತು. ಹಿಟ್ಟು ಒಳಗಿಟ್ಟು ಬಂದೆ. ಇನ್ನೂ ಕೂತಿದ್ದರು. ನೀರು ಕುಡಿದು ಬಂದೆ, ಆಗಲೂ ಕೂತಿದ್ದರು. ಒಂದು ಕಾಲು ಹೊರಗೆ, ಒಂದು ಕಾಲು ಒಳಗೆ. ಕೈ ಬಾಗಿಲನ್ನು ಬಿಗಿಯಾಗಿ ಹಿಡಿದಿತ್ತು. ಹಣೆಯಲ್ಲಿ ಬೆವರು.

"ಇತ್ಲಾಗೆ ಬಾ ತಾಯಿ," ಎಂದರು ಕಡೆಗೆ. "ಒಂದು ಕೈ ಕೊಡು. ಮಂಡಿ ಏಳ್ತಿಲ್ಲ."

ಎರಡೂ ಕೈ ಹಿಡಿದು ಎಳೆದೆ. ಎದ್ದು ನಿಂತು ಪಂಚೆ ಸರಿಮಾಡಿಕೊಂಡರು. ನನ್ನ ಮುಖ ನೋಡಲಿಲ್ಲ. "ನೋಡ್ದಲ್ಲ? ಹೊಳಲ್ಕೆರೆ ಬಸ್‌ಸ್ಟ್ಯಾಂಡಿನಾಗೆ ಹಿಂಗೆ ಎಳಿಸ್ಕಂಡು ಇಳೀಬೇಕಾ ನಾನು? ಅಷ್ಟು ವರ್ಷ ಅವರ ಕಣ್ಣ ಮುಂದೆ ಒಂದೇ ನೆಗೆತಕ್ಕೆ ಹತ್ತಿ ಇಳ್ದೋನು. ಅವ್ನಿಗೆ ಹೇಳ್ಬ್ಯಾಡ."

ನಾನು ಹೇಳಲಿಲ್ಲ. ಆದರೆ ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಹಾರನ್ನು, ಕನ್ನಡಿ, ಕ್ಯಾರಿಯರ್ ಯಾವುದೂ ಮಾವನ ತಕರಾರಾಗಿರಲಿಲ್ಲ. ಕಾರಿನಿಂದ ಇಳಿಯುವುದು ಹೇಗೆ ಎನ್ನುವುದೊಂದೇ ಅವರ ಚಿಂತೆಯಾಗಿತ್ತು. ಹಾಗಾದರೆ ಎಲ್ಲೂ ಇಳಿಯದ ಕಡೆ ಹೋದರಾಯಿತು ಎಂದು ನನಗೆ ಹೊಳೆಯಿತು. ಆಗಷ್ಟೇ ಹಿರಿಯೂರಿನ ಕಡೆ ಹೆದ್ದಾರಿ ನಾಲ್ಕು ಪಥವಾಗಿತ್ತು. ಊಟಕ್ಕೆ ಬಡಿಸುವಾಗ, "ಮಾವ, ಹೊಸ ರೋಡಿನಾಗೆ ಎದುರಿಗೆ ಗಾಡೀನೇ ಬರಲ್ವಂತೆ" ಎಂದೆ. ಮಾವನಿಗೆ ನಂಬಿಕೆಯಾಗಲಿಲ್ಲ. "ಎದುರಿಗೆ ಗಾಡಿ ಬರ್ದಿದ್ರೆ ಡ್ರೈವರ್‌ಗೆ ಕೆಲಸ ಏನೈತೆ?" ಎಂದರು. "ಎಲ್ಲೂ ನಿಲ್ಸಾದು ಬ್ಯಾಡ, ಹಿರಿಯೂರು ತನಕ ಹೋಗಿ ಹಂಗೇ ಮನೆಗೆ ಬರಾಣ" ಎಂದು ನಾನು ಅವರನ್ನೇ ನೋಡುತ್ತ ಹೇಳಿದೆ. ಮಾವ ಮುದ್ದೆ ಮುರಿದರು, ನುಂಗಿದರು. "ಆಗ್ಲಿ. ರೋಡು ನೋಡಾಕೆ ಬರ್ತೀನಿ" ಎಂದರು. ಇವರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

ಮರುದಿನ ಬೆಳಿಗ್ಗೆ ಹೊರಟೆವು. ಹಿಂದಿನ ಸೀಟಿನಲ್ಲಿ ನಾನು ಮಡಚಿಕೊಂಡಿದ್ದೆ. ಊರು ದಾಟಿದ ಮೇಲೆ ಇವರು ವೇಗ ಹೆಚ್ಚಿಸಿದರು. ಎಂಬತ್ತಕ್ಕೆ ಕ್ಯಾರಿಯರ್ ಶಿಳ್ಳೆ ಹೊಡೆಯಿತು, ತೊಂಬತ್ತಕ್ಕೆ ಕನ್ನಡಿಗಳು ನಡುಗಿದವು, ಇಡೀ ಕಾರು ಜ್ವರ ಬಂದ ಹಾಗೆ ಅಲುಗಾಡಿತು.

"ಇದ್ಯಾಕಲೇ ಹಿಂಗೆ?" ಎಂದರು ಮಾವ. "ಆ ಎಂಜಿನಿಯರ್ ಇಟ್ಕಂಡಿದ್ದಾಗ ಬಾಣ ಬಿಟ್ಟಂಗೆ ಹೋಗ್ತಿತ್ತು. ನಾನೇ ನೋಡಿದ್ದೆ. ಚೆನ್ನಾಗಿದ್ದ ಗಾಡೀನ ಯಾಕ್ ಕೆಡಿಸ್ದೆ?"

ಇವರ ಕುತ್ತಿಗೆ ಕೆಂಪಗಾದದ್ದು ಹಿಂದೆ ಕೂತ ನನಗೆ ಕಾಣಿಸಿತು. ಜಗಳವಾಯಿತು ಎಂದುಕೊಂಡೆ. ಇವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ನೀ ಹತ್ತಲಿ ಅಂತ ಕಣಪ್ಪ," ಎಂದರು.

ಮಾವ ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಡಬ್ಬಿ ತೆಗೆದು ನಶ್ಯ ಏರಿಸಿದರು, ಅರ್ಧ ಸೀಟಿನ ಮೇಲೆ ಚೆಲ್ಲಿದರು. ಆಗ ನಾನು ಅವರ ಬಲಗಾಲನ್ನು ಗಮನಿಸಿದೆ. ಮುಂದೆ ಲಾರಿ ಕಂಡಾಗಲೆಲ್ಲ ಅದು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಹಳೆಯ ಡ್ರೈವರುಗಳೇ ಹೀಗೆ. ಬೇರೆಯವರು ಓಡಿಸುವಾಗ ರೆಪ್ಪೆ ಮುಚ್ಚುವುದಿಲ್ಲ. ಮಾವನಂತೂ ರಾತ್ರಿ ಬಸ್ಸಿನಲ್ಲಿ ಧರ್ಮಸ್ಥಳಕ್ಕೆ ಹೋದಾಗಲೂ ಬೆಳಗಿನ ತನಕ ಎದ್ದೇ ಕೂತಿದ್ದವರು. ಐಮಂಗಲ ಬರುವ ಹೊತ್ತಿಗೆ ಆ ಕಾಲು ಸುಮ್ಮನಾಯಿತು. ಸ್ವಲ್ಪ ದೂರ ಹೋದ ಮೇಲೆ ತಲೆ ಇವರ ಭುಜದ ಕಡೆ ವಾಲಿತು. ಮಾವ ನಿದ್ದೆ ಹೋಗಿದ್ದರು.

ಇವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. ನಾನು ತುಟಿಯ ಮೇಲೆ ಬೆರಳಿಟ್ಟೆ. ಕ್ಯಾರಿಯರಿನ ಶಿಳ್ಳೆಗೆ ಎಚ್ಚರವಾದೀತೆಂದು ಇವರು ವೇಗ ಇಳಿಸಿದರು. ಎಪ್ಪತ್ತು, ಐವತ್ತು, ಕಡೆಗೆ ನಲವತ್ತು. ಅಂಥ ನುಣುಪಾದ ಹೊಸ ರಸ್ತೆಯಲ್ಲಿ, ಅಂಥ ಕಾರಿನಲ್ಲಿ ನಲವತ್ತು. ಲಾರಿಗಳು ಹಾರನ್ ಹೊಡೆದು ಬೈದುಕೊಂಡು ಮುಂದೆ ಹೋದವು, ತೆಂಗಿನಕಾಯಿ ಹೇರಿದ ಟೆಂಪೋ ಕೂಡ ಹೋಯಿತು. ಹಿರಿಯೂರಿನ ಹತ್ತಿರ ತಿರುಗಿಸಿಕೊಂಡು ಹಾಗೇ ಬಂದೆವು. ಇವರು ಒಂದು ಸಲವೂ ಜೋರಾಗಿ ಬ್ರೇಕ್ ಒತ್ತಲಿಲ್ಲ. ನನ್ನ ಕಣ್ಣು ಯಾಕೋ ತುಂಬಿ ಬಂತು, ಕಾಲು ಜೋಮು ಹಿಡಿದದ್ದಕ್ಕೆ ಇರಬೇಕೆಂದು ಅಂದುಕೊಂಡೆ.

ಮನೆಯ ಮುಂದೆ ನಿಲ್ಲಿಸಿದರೂ ಮಾವ ಏಳಲಿಲ್ಲ. ಇವರೂ ಅಲ್ಲಾಡಲಿಲ್ಲ. ಎರಡೇ ಬಾಗಿಲ ಕಾರಿನಲ್ಲಿ ಮುಂದಿನವರು ಇಳಿಯದೆ ಹಿಂದಿನವರಿಗೆ ಮೋಕ್ಷವಿಲ್ಲವಲ್ಲ, ನಾನೂ ಕೂತೆ. ಬೀದಿಯಲ್ಲಿ ನಲ್ಲಿ ನೀರು ಬಂದಿತ್ತು, ಹೆಂಗಸರೆಲ್ಲ ಕೊಡ ಹಿಡಿದು ನಿಂತಿದ್ದರು. ಎದುರುಮನೆಯ ಜಗಲಿಯ ಮೇಲೆ ನಾಲ್ಕು ಜನ ಗಂಡಸರು ಪೇಪರು ಓದುತ್ತಿದ್ದರು.

ಮಾವ ಕಣ್ಣು ಬಿಟ್ಟರು. "ಮನೆ ಬಂತೇನು?"

"ಬಂತಪ್ಪ."

ಇವರು ಇಳಿದು ಆ ಕಡೆಯಿಂದ ಬಾಗಿಲು ತೆರೆದರು. ಮಾವ ನಲ್ಲಿಯ ಕಡೆ ನೋಡಿದರು, ಜಗಲಿಯ ಕಡೆ ನೋಡಿದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಹಿಡ್ಕಳೋ ರುದ್ರ, ಮಂಡಿ ಹಿಡ್ದೈತೆ" ಎಂದು ಮಗನ ಕಡೆಗೆ ಎರಡೂ ಕೈ ಚಾಚಿದರು.

ಚೆನ್ನಾಗಿ ಓಡಿಸಿದೆ ಎಂದು ಅವರು ಅವತ್ತೂ ಅನ್ನಲಿಲ್ಲ, ಆಮೇಲೆಯೂ ಅನ್ನಲಿಲ್ಲ. ಇವರೂ ಮತ್ತೆ ಆ ಕಾರಿಗೆ ಏನನ್ನೂ ಹಾಕಿಸಲಿಲ್ಲ.

ನಿಮಗೆ ಇಷ್ಟು ಹೇಳುವಷ್ಟರಲ್ಲಿ ಪಕ್ಕದ ಮನೆಯ ಹೊಸ ಅಳಿಯ ಕಾಂಪೌಂಡಿನೊಳಗೆ ಬಂದ. ಕಾರುಗಳೆಂದರೆ ಅವನಿಗೆ ಹುಚ್ಚಂತೆ. ಫೋನಿನಲ್ಲಿ ಫೋಟೋ ತೆಗೆದುಕೊಂಡು, ಇದು ಎಂಥ ಕಾರು, ಇದರ ಎಂಜಿನ್ ಎಂಥದ್ದು, ಇದಕ್ಕೆ ಯಾರು ಹೀಗೆ ಮಾಡಿದ್ದು ಎಂದು ತಲೆ ಚಚ್ಚಿಕೊಂಡ. ಇವರು ಜಗಲಿಯ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದರು.

"ನೀವು ಇದನ್ನ ಹೆಚ್ಚು ಅಂದ್ರೆ ಎಷ್ಟರ ಸ್ಪೀಡಿನಲ್ಲಿ ಓಡಿಸಿದ್ದೀರಿ ಅಂಕಲ್?"

"ನಲವತ್ತು," ಎಂದರು ಇವರು.

ಆತ ತಮಾಷೆ ಎಂದುಕೊಂಡು ನಕ್ಕ. ಇದನ್ನು ಗುಜರಿಗೆ ಹಾಕಿ ಎಂದು ಹೋದ ವಾರವಷ್ಟೇ ಗೊಣಗಿದ್ದ ನಾನು ಅವನ ಕಡೆ ತಿರುಗಿದೆ.

"ನಿಜಾನೇ ಹೇಳ್ತಿದಾರಪ್ಪ," ಎಂದೆ. "ನಾನು ಹಿಂದಿನ ಸೀಟಿನಾಗೇ ಇದ್ದೆ."