ಒದ್ದೆ ಅರಿವೆ ಎಣಿಸುವ ಖತೀಜಾಬಿ

ಬೆಳಕು ಈಗಷ್ಟೇ ಹರಿಯುತ್ತಿದೆ. ಹಿರೇಬೆಂಡಿಗೇರಿಯ ಹುಚ್ಚವ್ವನ ಮನೆಯ ಬಾಣಂತಿ ಕೋಣೆಯಲ್ಲಿ ಸೂಲಗಿತ್ತಿ ಖತೀಜಾಬಿ ಒಂಬತ್ತು ದಿನದ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಾಳೆ. ಕೂಸು ಅಳುತ್ತಿದೆ. ಎದುರಿಗೆ ಹುಚ್ಚವ್ವ, ಕೈಯಲ್ಲಿ ಆಕಳ ಹಾಲು ತುಂಬಿದ ಒಳಲೆ.

"ಸೊಸಿ ಹಾಲು ಸಾಲವಲ್ದು ಖತೀಜವ್ವ. ಇದೊಂದು ಒಳಲೆ ಕುಡಿಸಿಬಿಡ್ತೇನಿ."

"ನಿನ್ನೆಯಿಂದ ಎಷ್ಟು ಅರಿವಿ ತೋಯಿಸೇತಿ, ನೋಡಿ ಬರ್ರಿ."

ಹುಚ್ಚವ್ವ ಹಿತ್ತಲಿಗೆ ಹೋಗಿ ಹಗ್ಗದ ಮೇಲಿನ ಅರಿವೆ ಎಣಿಸಿ ಬರುತ್ತಾಳೆ. ಏಳು.

"ಏಳು ಸಲ ಉಚ್ಚಿ ಹೊಯ್ದ ಕೂಸಿಗೆ ಹಾಲು ಸಾಲೂದಿಲ್ಲ ಅಂದ್ರ ಹೆಂಗ್ರಿ? ಒಳಲೆ ಒಳಗಿಡ್ರಿ. ಕೇಳಿದಾಗೆಲ್ಲ ಎದಿಗೆ ಹಚ್ಚಲಿ. ದಿನಕ್ಕ ಎಂಟು ಸಲ ಆಗಲಿ, ಹತ್ತು ಸಲ ಆಗಲಿ."

ಖತೀಜಾಬಿಗೆ ಈಗ ನಲವತ್ತು. ಊರು ಸವಣೂರು, ಗಂಡ ಹಜರತಅಲಿ ಟಾಂಗಾ ಹೊಡೆಯುತ್ತಾನೆ. ಹದಿಮೂರು ಹಳ್ಳಿಗಳಲ್ಲಿ ಆಕೆ ಮಾಡಿಸಿದ ಹೆರಿಗೆ ಮುನ್ನೂರಕ್ಕೂ ಮಿಕ್ಕಿವೆ. ಸೂಲಗಿತ್ತಿಯರು ಬೇರೆಯವರೂ ಇದ್ದಾರೆ. ಹೆರಿಗೆಯಾದ ಮೇಲೂ ವಾರಕ್ಕೊಮ್ಮೆ ಬಂದು, ಕೂಸಿನ ಹೊಟ್ಟೆ ತುಂಬುತ್ತಿದೆಯೇ ಎಂದು ನೋಡುವಾಕೆ ಈಕೆಯೊಬ್ಬಳೇ.

ಇದನ್ನು ಆಕೆಗೆ ಯಾರೂ ಕಲಿಸಲಿಲ್ಲ. ಹನ್ನೆರಡು ವರ್ಷದ ಹಿಂದೆ, 1952ರಲ್ಲಿ, ಆಕೆಯ ಇಪ್ಪತ್ತೆರಡು ದಿನದ ಹೆಣ್ಣುಕೂಸು ಜ್ವರದಿಂದ ತೀರಿಕೊಂಡಿತು. ಮಣ್ಣು ಮಾಡಿ ಬಂದರೂ ಎದೆಯ ಹಾಲು ನಿಲ್ಲಲಿಲ್ಲ. ಕುಪ್ಪಸ ತೋಯುತ್ತಲೇ ಇತ್ತು. ನಾಲ್ಕನೆಯ ದಿನ ಹಾನಗಲ್ ಕಡೆಯ ರೈತನೊಬ್ಬ ಕಂಬಳಿಯಲ್ಲಿ ಗಂಡುಕೂಸನ್ನು ಸುತ್ತಿಕೊಂಡು ಬಂದು ಅಂಗಳದಲ್ಲಿ ನಿಂತ. ಸವಣೂರಿನ ತವರಿಗೆ ಹಡೆಯಲು ಬಂದಿದ್ದ ಅವನ ಹೆಂಡತಿ ಹೆರಿಗೆಯಲ್ಲೇ ಹೋಗಿದ್ದಳು. ಹಸಿದೀತೆಂದು ಒಳಲೆಗಟ್ಟಲೆ ಆಕಳ ಹಾಲು ಹಾಕಿದ್ದರು. ವಾಂತಿ ಭೇದಿಯಾಗಿ ಕೂಸಿಗೆ ಅಳುವ ಶಕ್ತಿಯೂ ಉಳಿದಿರಲಿಲ್ಲ.

"ನಮ್ಮ ಮನಿಯವರು ನನ್ನ ಮಾರಿ ನೋಡಿದ್ರು. 'ನಿನ್ನ ಕಡೆ ಹಾಲೈತಿ, ಅದಕ್ಕ ಇಲ್ಲ' ಅಂದ್ರು. ಎದಿಗೆ ಹಚ್ಚಿದ್ರ ಎರಡು ಗುಟುಕು, ಮತ್ತ ನಿದ್ದಿ. ಎಬ್ಬಿಸೂದು, ಮತ್ತ ಎರಡು ಗುಟುಕು. ಮೂರನೇ ದಿನ ಅರಿವಿ ತೋದುವು. ಇನ್ನ ಬದುಕತೈತಿ ಅಂತ ಗೊತ್ತಾತು" ಎಂದು ಪತ್ರಿಕೆಗಾಗಿ ಬರೆದುಕೊಳ್ಳುತ್ತಿರುವ ನನಗೆ ಹೇಳುತ್ತಾಳೆ.

ಹದಿನಾಲ್ಕು ತಿಂಗಳು ಕೂಸು ಆಕೆಯ ಮಡಿಲಲ್ಲೇ ಬೆಳೆಯಿತು. ಆಮೇಲೆ ತಂದೆ ಇನ್ನೊಂದು ಮದುವೆಯಾಗಿ ಮಗನನ್ನು ಕರೆದೊಯ್ದ. ಖತೀಜಾಬಿಗೆ ಮತ್ತೆ ಮಕ್ಕಳಾಗಲಿಲ್ಲ. ಮನೆಯಲ್ಲಿ ಕೂತಿರಲಾರದೆ, ಸೂಲಗಿತ್ತಿಯಾಗಿದ್ದ ಅತ್ತೆಯ ಹಿಂದೆ ಹೆರಿಗೆಗಳಿಗೆ ಹೋಗತೊಡಗಿದಳು. ಹಾನಗಲ್ಲಿಗೆ ಬಸ್ಸಿತ್ತು, ಹತ್ತು ವರ್ಷ ಆಕೆ ಅದನ್ನು ಹತ್ತಲಿಲ್ಲ.

"ಅಲ್ಲಿ ಒಬ್ಬಾಕಿ ಅವ್ವ ಆಗ್ಯಾಳ. ನಾ ಹೋಗಿ ನಿಂತ್ರ ಆಕಿ ಏನಾಗಬೇಕ್ರಿ?"

ಹೋದ ವರ್ಷ ಆ ಅವ್ವನೇ ಹೇಳಿ ಕಳಿಸಿದಳು. ಹತ್ತು ವರ್ಷ ಕಾದು ಹಡೆದ ಕೂಸು ಸೊರಗುತ್ತಿತ್ತು. ಖತೀಜಾಬಿ ಹೋದಾಗ ಬಾಗಿಲು ತೆರೆದವನು ಹನ್ನೊಂದು ವರ್ಷದ ಹುಡುಗ. "ಯಾರು ಬೇಕ್ರಿ?" ಎಂದ. "ಕೂಸಿನ್ನ ನೋಡಾಕ ಬಂದೇನಪ್ಪ" ಎಂದು ಒಳಗೆ ನಡೆದಳು.

ಅಜೀರ್ಣವಾದೀತೆಂದು ಅಲ್ಲಿ ಹೊತ್ತು ನೋಡಿ ಹಾಲು ಕೊಡುತ್ತಿದ್ದರು. ಆಕೆ ಅದನ್ನು ಬಿಡಿಸಿದಳು. ಕೂಸು ಬಾಯಿ ತೆರೆದಾಗೆಲ್ಲ ತಾಯಿಯ ಎದೆಗೆ ಹಚ್ಚಿಸಿದಳು. ಐದನೆಯ ದಿನ ಎಂಟು ಅರಿವೆ ತೋಯ್ದವು. ಹೊರಡುವಾಗ ತಾಯಿ ಕೈ ಹಿಡಿದುಕೊಂಡಳು.

"ಅಕ್ಕಾ, ನೀವ್ಯಾರಂತ ಅವಗ ಹೇಳಲೇನು?"

"ಬ್ಯಾಡವ್ವ. ನಿನ್ನ ಅವ್ವ ಅಂದು ಬೆಳದಾನ."

ಗಂಟು ಹೊತ್ತು ಬಸ್ಸಿನವರೆಗೆ ಬಂದವನು ಆ ಹುಡುಗನೇ. ದಾರಿಯಲ್ಲಿ ಕೇಳಿದ: "ಅಷ್ಟು ಸಣ್ಣ ಕೂಸಿಗೆ ಎಷ್ಟು ಹಾಲು ಬೇಕ್ರಿ?"

ಖತೀಜಾಬಿ ಅವನ ಕೈ ತೆಗೆದುಕೊಂಡು ಮುಷ್ಟಿ ಕಟ್ಟಿಸಿದಳು. "ಅದರ ಹೊಟ್ಟಿ ಅದರ ಮುಷ್ಟಿಯಷ್ಟ ಇರತೈತಿ. ಒಮ್ಮೆಗೆ ಭಾಳ ಹಿಡಿಯೂದಿಲ್ಲ. ಅದಕ್ಕ ಮತ್ತ ಮತ್ತ ಕೊಡಬೇಕು." ಹೇಳಿ ಮುಗಿದ ಮೇಲೂ, ಬಸ್ಸು ಬರುವ ತನಕ, ಆ ಕೈಯನ್ನು ಆಕೆ ಬಿಡಲಿಲ್ಲ. ಹುಡುಗನೂ ಎಳೆದುಕೊಳ್ಳಲಿಲ್ಲ.

ಹುಚ್ಚವ್ವನ ಮೊಮ್ಮಗು ಈಗ ತಾಯಿಯ ಹಾಲು ಕುಡಿದು ಮಲಗಿದೆ. ಖತೀಜಾಬಿ ಸೆರಗು ಸರಿಪಡಿಸಿಕೊಂಡು ಏಳುತ್ತಾಳೆ.

"ಹುಡುಗನ ಹೆಸರು, ಊರು ಪತ್ರಿಕೆಯೊಳಗ ಹಾಕಬ್ಯಾಡ್ರಿ" ಎನ್ನುತ್ತಾಳೆ ನನಗೆ. ಹೊಸ್ತಿಲ ಬಳಿ ತಿರುಗಿ ಮತ್ತೆ ಹೇಳುತ್ತಾಳೆ: "ಅಂವ ದೊಡ್ಡಾಂವ ಆಗಿ, ಅವನ ಹೆಂಡತಿ ಹಡಿಯೂ ಹೊತ್ತಿಗೆ ನನ್ನ ಕರೀಲಿ. ಸೂಲಗಿತ್ತಿ ಅಂತ ಕರದ್ರ ಸಾಕ್ರಿ."