ಮೊಣಕೈಯ ಹೆಲ್ಮೆಟ್

ನನ್ನ ಭಾವ, ಎಂದರೆ ಅಕ್ಕನ ಗಂಡ, ಊರಿನವರ ಲೆಕ್ಕದಲ್ಲಿ ಸಭ್ಯ ಸವಾರ. ಬಿಳಿ ಅಂಗಿ, ಹಣೆಯಲ್ಲಿ ಗಂಧ, ಸ್ಕೂಟರಿನ ಮುಂದೆ ಊಟದ ಬುತ್ತಿ, ಎಡ ಮೊಣಕೈಯಲ್ಲಿ ಹೆಲ್ಮೆಟ್. ಬೆಳ್ಮಣ್‌ನ ಮನೆಯಿಂದ ಕಟಪಾಡಿಯಲ್ಲಿರುವ ತಮ್ಮ ಹಾರ್ಡ್‌ವೇರ್ ಅಂಗಡಿಗೆ ದಿನವೂ ಹೀಗೆಯೇ ಹೋಗಿಬರುತ್ತಿದ್ದರು. ಇಷ್ಟು ವರ್ಷಗಳಲ್ಲಿ ಅವರ ಮೊಣಕೈಗೆ ಒಂದು ಗೀರೂ ಬಿದ್ದಿರಲಿಲ್ಲ ಎಂಬುದನ್ನು ನಾನು ಒಪ್ಪಿಕೊಳ್ಳಲೇಬೇಕು.

ನಾನು ಸಭ್ಯನಲ್ಲ. ನನ್ನದು ದೊಡ್ಡ ಕಪ್ಪು ಬೈಕು. ದಪ್ಪ ಜಾಕೆಟ್, ಮೊಣಕಾಲಿಗೆ ಪ್ಯಾಡ್, ಕೈಗೆ ಗ್ಲೌಸ್, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್. ಇನ್ನಂಜೆಯಿಂದ ಮಣಿಪಾಲದ ಕಚೇರಿಗೆ ನಲವತ್ತೈದರ ವೇಗದಲ್ಲಿ ಹೋಗುತ್ತೇನೆ. ಬಸ್ಸುಗಳು ಬಿಡಿ, ಶಾಲೆಯ ವ್ಯಾನುಗಳೂ ಹಾರ್ನ್ ಹಾಕಿ ನನ್ನನ್ನು ಹಿಂದೆ ಹಾಕುತ್ತವೆ. ಕಟಪಾಡಿಯಲ್ಲಿ ಹೆದ್ದಾರಿಯ ಆಚೆ ಬದಿಗೆ ಹೋಗಲು ಎಲ್ಲರೂ ಎದುರು ದಿಕ್ಕಿನಲ್ಲಿ ನುಗ್ಗಿದರೆ, ನಾನೊಬ್ಬ ದೂರದ ಯೂ-ಟರ್ನ್‌ವರೆಗೆ ಹೋಗಿ ಬರುತ್ತೇನೆ. ಆದರೂ ಬಸ್ ಸ್ಟಾಪಿನಲ್ಲಿ ನನ್ನನ್ನು ಕಂಡ ತಾಯಂದಿರು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಭಾವನ ತಾಯಿ ಈ ಉಡುಪಿನಲ್ಲಿ ನನ್ನನ್ನು ಮೊದಲ ಸಲ ಕಂಡಾಗ, "ಇದೆಂತ ಮಾರಾಯ, ಇಷ್ಟು ಬೇಗ ವೇಷ ಹಾಕಿದ್ದು? ಅಷ್ಟಮಿಯ ಹುಲಿವೇಷಕ್ಕೆ ಇನ್ನೂ ಎರಡು ತಿಂಗಳು ಉಂಟಲ್ವಾ?" ಎಂದು ಕೇಳಿದ್ದರು.

ಭಾವನಿಗೆ ನಾನು ಉಪದೇಶ ಮಾಡದೆ ಇರಲಿಲ್ಲ. ತಲೆ ಬೆವರುತ್ತದೆ ಎಂದರು. ಬೆವರಿದ ತಲೆ ಒಡೆದ ತಲೆಗಿಂತ ವಾಸಿ ಎಂದೆ. "ಹಣೆಬರಹ ಹೆಲ್ಮೆಟ್ಟಿನ ಒಳಗೂ ಉಂಟಲ್ವಾ?" ಎಂದರು.

ನಮ್ಮ ಕಡೆಯ ರಸ್ತೆಗಳಲ್ಲಿ ಒಂದು ಪದ್ಧತಿ ಇದೆ. ಮುಂದೆ ಪೊಲೀಸರು ನಿಂತಿದ್ದರೆ ಎದುರಿನಿಂದ ಬರುವ ಸವಾರ ಎರಡು ಸಲ ಹೆಡ್‌ಲೈಟ್ ಮಿನುಗಿಸಿ ತಿಳಿಸುತ್ತಾನೆ. ಕೂಡಲೇ ಮೊಣಕೈಯ ಹೆಲ್ಮೆಟ್ ತಲೆಗೆ ಏರುತ್ತದೆ. ಪೊಲೀಸರನ್ನು ದಾಟಿ ಒಂದು ಫರ್ಲಾಂಗಿನೊಳಗೆ ಅದು ಸ್ವಸ್ಥಾನಕ್ಕೆ ಮರಳುತ್ತದೆ. ಜಾತಿ, ಮತ, ಪಕ್ಷ ಯಾವುದನ್ನೂ ಕೇಳದೆ ನಡೆಯುವ ಪರೋಪಕಾರ ನಮ್ಮಲ್ಲಿ ಇದೊಂದೇ ಇರಬೇಕು. ನಾನು ಅದನ್ನು ಮಾಡುತ್ತಿರಲಿಲ್ಲ. ಕಳ್ಳನಿಗೆ ದೀಪ ಹಿಡಿದ ಹಾಗೆ ಎಂಬುದು ನನ್ನ ವಾದವಾಗಿತ್ತು.

ಒಂದು ದಿನ ಪೊಲೀಸರನ್ನು ದಾಟಿ ಬರುತ್ತಿದ್ದಾಗ ಭಾವ ಎದುರಾದರು. ನಾನು ಲೈಟ್ ಹಾಕಲಿಲ್ಲ, ಕೈ ಬೀಸಿದೆ. ಅವರೂ ನಗುತ್ತ ಕೈ ಬೀಸಿ, ನೇರ ಹೋಗಿ ಸಿಕ್ಕಿಬಿದ್ದರು. ಗಡಿಬಿಡಿಯಲ್ಲಿ ಹೆಲ್ಮೆಟ್ ತಲೆಗೆ ಏರಿಸಿದ್ದರಂತೆ, ಪಟ್ಟಿ ಸಿಕ್ಕಿಸಿರಲಿಲ್ಲವಂತೆ. ದಂಡ ಅವರಿಗೆ ದೊಡ್ಡದಲ್ಲ. ಮಗನ ಪ್ರಾಯದ ಪೊಲೀಸನೊಬ್ಬ ಪಟ್ಟಿ ಸಿಕ್ಕಿಸುವುದು ಹೇಗೆಂದು ಅಂಗಡಿಯ ಗಿರಾಕಿಗಳಿಬ್ಬರ ಎದುರಿಗೇ ಎರಡೆರಡು ಸಲ ತೋರಿಸಿಕೊಟ್ಟದ್ದು ನಾಟಿತ್ತು. "ಸ್ವಂತ ಭಾವನಿಗೆ ಒಂದು ಲೈಟ್ ಹಾಕಲಿಕ್ಕೆ ಆಗದವನು ನೀನು" ಎಂದು ಹೇಳಿ ನನ್ನೊಡನೆ ಮಾತು ಬಿಟ್ಟರು.

ಆಮೇಲೆ ಅಕ್ಕನ ಫೋನ್ ಬಂತು. ಅವರ ಪಕ್ಕದ ಮನೆಯವರು ಹಿಂದಿನ ವರ್ಷ ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾಗಿ, ಈಗ ಹೆಂಡತಿಯನ್ನೇ ಯಾರೆಂದು ಕೇಳುತ್ತಾರೆ. ಆ ಹೆಂಗಸು ದಿನಕ್ಕೆ ನಾಲ್ಕು ಸಲ ತನ್ನ ಹೆಸರು ಹೇಳುವುದು ಅಕ್ಕನ ಅಡುಗೆಮನೆಗೆ ಕೇಳಿಸುತ್ತದೆ. "ಅಂಗಡಿಗೆ ಮುಟ್ಟಿದೆ ಎಂದು ಇವರ ಫೋನ್ ಬರುವವರೆಗೆ ನನಗೆ ಚಾ ಇಳಿಯುವುದಿಲ್ಲ. ನೀನು ಎಂತಾದರೂ ಮಾಡಿ ಅದನ್ನು ತಲೆಗೆ ಹಾಕಿಸು," ಎಂದಳು. ಭಾವನ ಮೇಲೆ ನನಗೆ ಸಿಟ್ಟಿತ್ತು. ಅಂದಿನಿಂದ ಭಯವೂ ಸೇರಿಕೊಂಡಿತು.

ಒಂದು ಭಾನುವಾರ ಬೆಳಿಗ್ಗೆ ರಾಜಿ ಮಾಡಿಕೊಳ್ಳೋಣವೆಂದು ಬೆಳ್ಮಣ್ ಕಡೆ ಹೊರಟಿದ್ದೆ. ನನ್ನ ಮುಂದೆ ಹೋಗುತ್ತಿದ್ದ ಮೀನಿನ ಲಾರಿಯೊಂದು ತಿರುವಿನಲ್ಲಿ ಧಾರಾಳವಾಗಿ ನೀರು ಸುರಿಸಿತು. ಮೀನಿನ ನೀರು ಎಣ್ಣೆಗಿಂತ ಕಡೆ. ನನ್ನ ಹಿಂದಿನ ಚಕ್ರ ಒಮ್ಮೆ ಅತ್ತ, ಒಮ್ಮೆ ಇತ್ತ ತೂಗಾಡಿತು. ಹೇಗೋ ದಾಟಿ, ನಿಲ್ಲಿಸಿ ಹಿಂದೆ ಬರುವವರಿಗೆ ಎಚ್ಚರಿಕೆಯಾಗಿ ರಸ್ತೆಗೆ ಸೊಪ್ಪು ಹಾಕೋಣವೆಂದು ಜಾಗ ಹುಡುಕುತ್ತಿದ್ದಾಗ ಎದುರಿಗೆ ಬಿಳಿ ಅಂಗಿ ಕಾಣಿಸಿತು. ಮೊಣಕೈಯಲ್ಲಿ ಹೆಲ್ಮೆಟ್.

ಕೈ ಬೀಸಿದರೆ ಮುಖ ತಿರುಗಿಸುತ್ತಾರೆ. ಕೂಗಿದರೆ ಕೇಳಿಸುವುದಿಲ್ಲ. ಎರಡು ಸಲ ಲೈಟ್ ಮಿನುಗಿಸಿದೆ. ಇಷ್ಟು ವರ್ಷ ಕಾಪಾಡಿಕೊಂಡು ಬಂದ ತತ್ವ ಅಲ್ಲಿಯೇ ಗದ್ದೆಗೆ ಬಿತ್ತು.

ಭಾವನ ಮುಖ ಅರಳಿತು. ನನ್ನನ್ನು ದಾಟಿ ಸ್ಕೂಟರ್ ಬದಿಗೆ ನಿಲ್ಲಿಸಿ, ಹೆಲ್ಮೆಟ್ ಹಾಕಿ, ಕಲಿಸಿಕೊಟ್ಟ ಹಾಗೆಯೇ ಪಟ್ಟಿ ಸಿಕ್ಕಿಸಿ ಹೊರಟದ್ದು ಕನ್ನಡಿಯಲ್ಲಿ ಕಾಣಿಸಿತು. ನಿಧಾನ ಹೋಗಿ ಎಂದು ಹೇಳಲು ನಾನು ಬೈಕು ತಿರುಗಿಸಬೇಕೆನ್ನುವಾಗ ಬಸ್ಸೊಂದು ಅಡ್ಡ ಬಂತು. ಅದು ದಾಟುವಷ್ಟರಲ್ಲಿ ಭಾವ ತಿರುವಿನಲ್ಲಿದ್ದರು. ಸ್ಕೂಟರ್ ಒಂದು ಕಡೆಗೆ, ಅವರು ಇನ್ನೊಂದು ಕಡೆಗೆ ಜಾರಿದರು. ತಲೆ ರಸ್ತೆಗೆ ಬಡಿದದ್ದು ತೆಂಗಿನಕಾಯಿ ಬಿದ್ದ ಹಾಗೆ ನನಗೆ ಕೇಳಿಸಿತು.

ನಾನು ಓಡಿ ತಲುಪುವ ಮೊದಲೇ ಹತ್ತಿರದ ಅಂಗಡಿಯಿಂದ ನಾಲ್ಕು ಜನ ಬಂದಿದ್ದರು. ಬಿಳಿ ಅಂಗಿಯವರು ಬಿದ್ದಿದ್ದಾರೆ, ಕಪ್ಪು ಜಾಕೆಟಿನವನು ನಿಂತಿದ್ದಾನೆ. ಇನ್ನು ವಿಚಾರಿಸುವುದೇನು? "ಇಂಥವರಿಂದಲೇ ಮರ್ಯಾದಸ್ಥರು ರಸ್ತೆಯಲ್ಲಿ ಹೋಗುವ ಹಾಗಿಲ್ಲ," ಎಂದ ಒಬ್ಬ. ಇನ್ನೊಬ್ಬ ನನ್ನ ಬೈಕಿನ ಕೀ ಕಿತ್ತುಕೊಂಡು ಕಿಸೆಗೆ ಹಾಕಿದ.

ಭಾವ ಕಣ್ಣು ಬಿಟ್ಟು ನನ್ನನ್ನು ನೋಡಿದರು.

"ಪೊಲೀಸ್ ಎಲ್ಲಿ?"

"ಇಲ್ಲ ಭಾವ."

"ಮತ್ತೆ ಲೈಟ್ ಹಾಕಿದ್ದು ಎಂತಕ್ಕೆ?"

"ನೀವು ಹೆಲ್ಮೆಟ್ ಹಾಕಲಿ ಅಂತ."

ಅವರು ಗದ್ದದ ಕೆಳಗಿನ ಪಟ್ಟಿಯನ್ನು ಮುಟ್ಟಿ ನೋಡಿಕೊಂಡರು. ಮತ್ತೆ ಕಿಸೆಯಲ್ಲಿ ಕೀ ಇದ್ದವನ ಕಡೆ ತಿರುಗಿ, "ಅವನ ಕೀ ಕೊಡಿ. ಅವನು ನನ್ನ ಹೆಂಡತಿಯ ತಮ್ಮ. ನೋಡಲಿಕ್ಕೆ ಮಾತ್ರ ಹಾಗೆ," ಎಂದರು. ಕೀ ಕಿತ್ತವನೇ ಒಳ್ಳೆಯ ಮನುಷ್ಯ. ಬೂದಿ ತಂದು ತಿರುವಿಗೆ ಹರಡಿದ, ರಿಕ್ಷಾ ಕರೆದ.

ಕಾರ್ಕಳದ ಡಾಕ್ಟರು ಹೆಗಲ ಮೂಳೆ ಬಿರುಕು ಬಿಟ್ಟಿದೆ, ತಲೆಗೆ ಏನೂ ಆಗಿಲ್ಲ ಎಂದರು. ಮನೆಗೆ ಬಂದಾಗ ಅಕ್ಕ ಹೆಲ್ಮೆಟ್ಟನ್ನು ಕೈಗೆ ತೆಗೆದುಕೊಂಡು, ಕಿವಿಯಿಂದ ಹಿಂಬದಿಯವರೆಗೆ ಎದ್ದ ಗೀರಿನ ಮೇಲೆ ಬೆರಳಾಡಿಸಿ, ಮೆಟ್ಟಿಲ ಮೇಲೆ ಕುಳಿತು ಅತ್ತಳು. ನನಗೂ ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡ ಮೇಲೆ ಅವಳು ನನ್ನನ್ನು ಬಿಡಲಿಲ್ಲ. "ಇಷ್ಟು ಚಂದ ಸುಳ್ಳು ಹೇಳಲಿಕ್ಕೆ ಬರ್ತದಾದರೆ ಮೊದಲೇ ಹೇಳಲಿಕ್ಕೆ ನಿನಗೆ ಎಂತ ಆಗಿತ್ತು?"

ಹೆಗಲು ಕೂಡಿದ ಮೇಲೆ ಭಾವ ಹೊಸ ಹೆಲ್ಮೆಟ್ ತಂದು ಮತ್ತೆ ಅಂಗಡಿಗೆ ಹೋಗತೊಡಗಿದರು. ಈಗ ಬೆಳಿಗ್ಗೆ ಹೊರಡುವ ಮೊದಲು ಅವರೇ ಫೋನ್ ಮಾಡುತ್ತಾರೆ.

"ಇವತ್ತು ಪೊಲೀಸ್ ಎಲ್ಲಿ ಉಂಟು?"

"ನಿಮ್ಮ ಪೇಟೆ ದಾಟಿದ ಕೂಡಲೇ, ಭಾವ. ಕಟಪಾಡಿಯಲ್ಲೂ ನಿಂತಿದ್ದಾರಂತೆ."

"ಉದ್ದಕ್ಕೂ ಉಂಟು ಅಂತ ಹೇಳು."

"ಉದ್ದಕ್ಕೂ ಉಂಟು."

ಇಲ್ಲವೆಂದು ಇಬ್ಬರಿಗೂ ಗೊತ್ತು. ಅವರು ಕೂಡಲೇ ಫೋನ್ ಇಡುವುದಿಲ್ಲ. ಪಟ್ಟಿ ಟಕ್ಕೆಂದು ಸಿಕ್ಕಿದ್ದು ಕೇಳಿಸುತ್ತದೆ. ಅದರ ಹಿಂದೆಯೇ, ಜಗಲಿಯಲ್ಲಿ ಅಕ್ಕ ಚಾ ಹೀರಿದ್ದೂ ಕೇಳಿಸುತ್ತದೆ.