ಬೆಂಚಿನ ಮೇಲೆ ಕೂತ ಫರ್ಮಿನ್

ಫರ್ಮಿನ್ ಇಪ್ಪತ್ತಾರು ವರ್ಷ ರೈಲುಡಬ್ಬಿಗಳಿಗೆ ಬೆಸುಗೆ ಹಾಕಿದವನು. ಅವನು ಬೆಸೆದ ಡಬ್ಬಿಗಳನ್ನು ಸಾಲಾಗಿ ನಿಲ್ಲಿಸಿದ್ದರೆ ಮೊದಲನೆಯದು ಬ್ಯೂನಸ್ ಐರಿಸ್‌ನಲ್ಲಿ, ಕೊನೆಯದು ಚಂದ್ರನ ಮೇಲೆ ಇರುತ್ತಿತ್ತು. ಆದರೂ ರೈಲು ಶೆಡ್ಡಿನಲ್ಲಿ ಅವನ ನಿಜವಾದ ಹುದ್ದೆ ಬೆಳಗಿನ ಮಾಟೆ ಸೊಪ್ಪಿನ ಕಷಾಯ ಸುರಿದು ಕೊಡುವುದೇ. ಒಂದೇ ಸೋರೆಬುರುಡೆ, ಒಂದೇ ಕೊಳವೆ, ನಾಲ್ಕು ಬಾಯಿ: ಅವನದು, ಲೇತ್ ಯಂತ್ರದ ವಾಲ್ದೋನದು, ಉಗ್ರಾಣದ ನೇಲಿದಾಳದು, ಬಡಗಿ ಮುದುಕ ಕ್ವಿಂತೀನೊನದು.

ಒಂದು ಸೋಮವಾರ ಗೋಡೆಗೆ ನೋಟೀಸು ಬಿತ್ತು. ಶುಕ್ರವಾರ ಮಧ್ಯಾಹ್ನದೊಳಗೆ ಸ್ವಯಂ ನಿವೃತ್ತಿಗೆ ಸಹಿ ಹಾಕಿದವರಿಗೆ ಇಡುಗಂಟು. ಆಮೇಲೆ ಕೆಲಸ ಹೋದರೆ ಬಿಡಿಗಾಸಿಲ್ಲ. ಜತೆಗೆ, ಕೆಲಸಗಾರರು ಉಲ್ಲಾಸದಿಂದಿರಲಿ ಎಂದು ಆಡಳಿತದವರು ಒಂದು ಬುಟ್ಟಿ ಸಿಹಿ ಬನ್ನು ಕಳಿಸಿದರು. ಅಷ್ಟು ವರ್ಷ ಒಂದು ಮೊಳೆಯನ್ನೂ ಬಿಟ್ಟಿ ಕೊಡದವರು! ಫರ್ಮಿನ್ ಮೊದಲು ಶೆಡ್ಡಿನ ನಾಯಿಗೆ ತಿನ್ನಿಸಿ ನೋಡಿದ. ನಾಯಿ ಸಾಯಲಿಲ್ಲ. ಅನುಮಾನವೂ ಸಾಯಲಿಲ್ಲ.

"ನಾವು ನಾಲ್ಕೂ ಜನ ಸಹಿ ಹಾಕದಿದ್ರೆ ಶೆಡ್ ಹೆಂಗೆ ಮುಚ್ತಾರೆ ನೋಡೇಬಿಡೋಣ" ಎಂದ. ಬುರುಡೆ ಮುಟ್ಟಿ ಎಲ್ಲರೂ ಆಣೆ ಇಟ್ಟರು.

ಮಂಗಳವಾರ ವಾಲ್ದೋನ ಕಾಲಲ್ಲಿ ಹೊಸ ಬೂಟು.

"ಎಲ್ಲಿಂದ ಬಂತೋ ಇದು?" ಫರ್ಮಿನ್ ಕೇಳಿದ.

"ಭಾವಮೈದ ಕೊಟ್ಟ ಕಣೋ."

"ನಿನ್ನ ಭಾವಮೈದ ತನ್ನ ನೆರಳನ್ನೇ ಯಾರಿಗೂ ಕೊಡಲ್ವಲ್ಲೋ!"

ಬುಧವಾರ ನೇಲಿದಾ ಚಾಕಲೇಟಿನ ಸಗಟು ದರ ವಿಚಾರಿಸಿದಳಂತೆ. ಗುರುವಾರ ಕ್ವಿಂತೀನೊ ಸುಮ್ಮಸುಮ್ಮನೆ ಶಿಳ್ಳೆ ಹಾಕಿದ. ಕೆಲಸ ಹೋಗುವ ಭಯ ಇದ್ದವನು ಶಿಳ್ಳೆ ಹಾಕುತ್ತಾನೆಯೇ?

ಶುಕ್ರವಾರ ಬೆಳಿಗ್ಗೆ ಎಂಟಕ್ಕೇ ಫರ್ಮಿನ್ ಹೋಗಿ, ಸಹಿ ಹಾಕಿಸಿಕೊಳ್ಳುವ ಆಫೀಸಿನ ಮುಂದಿನ ಬೆಂಚಿನ ಮೇಲೆ ಕೂತ. ಆಣೆ ಮುರಿಯುವ ಕಳ್ಳನನ್ನು ಕೈಯಾರೆ ಹಿಡಿಯಬೇಕಲ್ಲ!

ಅವನನ್ನು ಹುಡುಕಿಕೊಂಡು ವಾಲ್ದೋ ಬಂದ. "ಇಲ್ಲೇನೋ ಮಾಡ್ತಿದೀಯ?"

"ಸುಮ್ನೆ ಕೂತಿದೀನಿ."

"ಸುಮ್ನೆ ಕೂರೋಕೆ ಊರಲ್ಲಿ ಇದೊಂದೇ ಬೆಂಚಾ?" ಎಂದವನೇ ಒಳಗೆ ನುಗ್ಗಿ ಸಹಿ ಹಾಕಿದ. ಅವನ ಬೆನ್ನಿಗೇ ನೇಲಿದಾ. "ಥೂ ಫರ್ಮಿನ್! ಆಣೆ ಇಡಿಸಿದ್ದೂ ನೀನೇ, ಮೊದಲು ಸಹಿ ಗೀಚಿದ್ದೂ ನೀನೇನಾ!"

"ಅಯ್ಯೋ, ನಾನು ನಿಮ್ಮನ್ನ ಕಾಯ್ತಾ ಕೂತಿದ್ದೆ ಕಣೇ!"

"ಹೂಂ, ಬೆಕ್ಕು ಹಾಲು ಕಾಯೋ ಹಂಗೆ" ಎನ್ನುತ್ತ ಕ್ವಿಂತೀನೊ ಅಜ್ಜನೂ ಒಳಗೆ ಹೋದ.

ಹನ್ನೆರಡು ಹೊಡೆಯಿತು. ಸಹಿ ಹಾಕದೆ ಉಳಿದವನು ಫರ್ಮಿನ್ ಒಬ್ಬನೇ.

ಶೆಡ್ ಮುಚ್ಚಿತು. ಮುಚ್ಚಿದ ಬಾಗಿಲಿಗೂ ಒಬ್ಬ ಕಾವಲುಗಾರ ಬೇಕೆಂದು ಬೀಗದ ಕೈ ಅವನಿಗೇ ಕೊಟ್ಟರು. ಮಿಕ್ಕ ಮೂವರೂ ಇಡುಗಂಟಿನಲ್ಲಿ ಒಂದೇ ಬೀದಿಯಲ್ಲಿ ಒಂದೊಂದು ಮಿಠಾಯಿ ಗೂಡಂಗಡಿ ತೆರೆದರು. ಆ ವರ್ಷ ಊರಲ್ಲಿ ಗೂಡಂಗಡಿ ಎಷ್ಟಾದವೆಂದರೆ ಗಿರಾಕಿಗಳನ್ನು ಪಕ್ಕದೂರಿಂದ ಲಾರಿಯಲ್ಲಿ ತರಿಸಬೇಕಿತ್ತು. ಮೂವರೂ ಅವನಿಗೆ ಮಾಟೆ ಸೊಪ್ಪು ಮಾರುತ್ತಾರೆ, ಮಾತಾಡುವುದಿಲ್ಲ.

ಈಗಲೂ ಬೆಳಿಗ್ಗೆ ಖಾಲಿ ಶೆಡ್ಡಿನಲ್ಲಿ ಫರ್ಮಿನ್ ನೀರು ಕಾಯಿಸುತ್ತಾನೆ. ಬಲಗೈಯಲ್ಲಿ ಒಂದು ಬುರುಡೆ ಕುಡಿದು, ಮತ್ತೆ ತುಂಬಿ ಎಡಗೈಗೆ ದಾಟಿಸುತ್ತಾನೆ. ದಾಟಿಸುವ ಮುಂಚೆ ಎಡಗೈಯನ್ನು ಒಮ್ಮೆ ಓರೆಗಣ್ಣಿನಿಂದ ನೋಡುತ್ತಾನೆ.